ಪ್ರಾಣಿಗಳ ನಡವಳಿಕೆಯ ಸಂಶೋಧನೆಯನ್ನು ಊರಿನವರಿಗೆ ಹೇಳಬೇಕು, ಎಲ್ಲಿಂದ ಆರಂಭಿಸಲಿ?

ಬೀದರ ಜಿಲ್ಲೆಯವರಾದ ತಾವು ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೀರಿ. ರಜಾದಿನಗಳಲ್ಲಿ ಸಂಭಾವನೆ ಪಡೆಯದೆ ಊರಿನ ಶಾಲೆಗಳಲ್ಲಿಯೂ ರೈತರ ನಡುವೆಯೂ ಪ್ರಾಣಿಗಳ ನಡವಳಿಕೆಯ ಬಗ್ಗೆ ಮಾತನಾಡುವ ಇಚ್ಛೆ ತಮಗಿದೆ, ಆದರೆ ಜನ ಕೇಳಿಯಾರೇ, ಏನು ಹೇಳಬೇಕು ಎಂದು ವಿಚಾರಿಸಿದ್ದೀರಿ. ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಸೇಡಂ, ಚಿಂಚೋಳಿ, ಜೇವರ್ಗಿ ಕಡೆಯ ಶಾಲೆಗಳಿಗೆ ಇದೇ ಕೆಲಸಕ್ಕಾಗಿ ಹೋಗುವ ರೂಢಿಯಿದೆ. ಜನ ಕೇಳುತ್ತಾರೆ, ಆ ಬಗ್ಗೆ ಚಿಂತೆ ಬೇಡ. ಏನು ಹೇಳಬೇಕು ಎಂಬುದಕ್ಕೆ ನನ್ನ ಉತ್ತರ ಒಂದೇ: ಸಂಶೋಧನೆಯಿಂದ ಏನು ತಿಳಿಯಿತು ಎಂಬುದಕ್ಕಿಂತ ಅದು ಹೇಗೆ ತಿಳಿಯಿತು ಎಂಬುದನ್ನು ಹೆಚ್ಚು ವಿಸ್ತಾರವಾಗಿ ಹೇಳಿ.

ಇದಕ್ಕೆ ಕಾರಣವಿದೆ. ಅಣುವಿನ ಬಗ್ಗೆ ಮಾತನಾಡಿದರೆ ಊರಿನವರು ಸುಮ್ಮನೆ ಕೇಳಬಹುದು, ಆದರೆ ತೋಳ, ಹಾವು, ಜೇನು, ಗೀಜಗಗಳನ್ನು ಅವರು ನಮಗಿಂತ ಹೆಚ್ಚು ನೋಡಿದ್ದಾರೆ. ಕುರಿ ಕಾಯುವವರಿಗೆ ತೋಳ ಯಾವ ದಿಕ್ಕಿನಿಂದ ಹಿಂಡಿಗೆ ನುಗ್ಗುತ್ತದೆ ಎಂದು ನಾವು ಹೇಳಿಕೊಡಬೇಕಾಗಿಲ್ಲ. ಅವರಲ್ಲಿ ಇಲ್ಲದೆ ನಮ್ಮಲ್ಲಿ ಇರುವುದೆಂದರೆ ನೋಡಿದ್ದನ್ನು ಪರೀಕ್ಷೆಗೆ ಒಡ್ಡುವ ಕ್ರಮ ಮಾತ್ರ. ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ನನ್ನ ಮಾತನ್ನು ನಡುವೆಯೇ ತಡೆದು, "ಅದು ನಿಮಗ ಹ್ಯಾಂಗ ಗೊತ್ತಾತ್ರಿ ಸರ?" ಎಂದು ಕೇಳಿದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಸಂಶೋಧಕರ ಸಭೆಯಲ್ಲಿಯೂ ಕೇಳುವುದು ಅಪರೂಪ.

ನಮ್ಮ ಭಾಗದಲ್ಲಿ ಆರಂಭಕ್ಕೆ ಕೋಲುಜೇನಿನಷ್ಟು ಅನುಕೂಲವಾದ ಜೀವಿ ಮತ್ತೊಂದಿಲ್ಲ. ಹೊಲದ ಬದುವಿನ ಜಾಲಿಯ ಪೊದೆಯಲ್ಲಿ, ಅಂಗೈಯಗಲದ ಒಂದೇ ಎರಿ ಕಟ್ಟಿಕೊಂಡು ಅದು ಬಯಲಿನಲ್ಲಿಯೇ ಇರುತ್ತದೆ. ನಾಲ್ಕು ಹೆಜ್ಜೆ ದೂರದಲ್ಲಿ ಅಲುಗಾಡದೆ ನಿಂತು ನೋಡಿದರೆ, ಎರಿಯ ಮೇಲ್ಭಾಗವು ಕಡ್ಡಿಯನ್ನು ಸುತ್ತುವರಿದು ಸಣ್ಣ ಜಗಲಿಯ ಹಾಗೆ ಅಗಲವಾಗಿರುವುದು ಕಾಣುತ್ತದೆ. ಕಡ್ಡಿಯ ಎರಡೂ ಬದಿಗೆ ಇರುವೆ ದಾಟದಂತೆ ಅಂಟಿನ ಪಟ್ಟಿ ಬಳಿದಿರುತ್ತದೆ. ಮೇವು ಕಂಡು ಬಂದ ಜೇನು ಆ ಜಗಲಿಯ ಮೇಲೆ ಹೊಟ್ಟೆಯನ್ನು ಅಲುಗಿಸುತ್ತ ಒಂದು ದಿಕ್ಕಿಗೆ ಓಡಿ, ತಿರುಗಿ ಬಂದು, ಮತ್ತೆ ಅದೇ ದಿಕ್ಕಿಗೆ ಓಡುತ್ತದೆ. ಅದು ಓಡುವ ದಿಕ್ಕಿನಲ್ಲಿಯೇ ಹೂವಿದೆ. ಇದನ್ನು 1950ರ ದಶಕದಲ್ಲಿ ಶ್ರೀಲಂಕೆಯಲ್ಲಿ ಮಾರ್ಟಿನ್ ಲಿಂಡಾವರ್ ಗುರುತಿಸಿದರು. ಅವರ ಗುರು ಕಾರ್ಲ್ ಫಾನ್ ಫ್ರಿಶ್ ಯುರೋಪಿನ ಜೇನಿನಲ್ಲಿ ಇದೇ ಕುಣಿತವನ್ನು ಓದಿ, 1973ರ ನೊಬೆಲ್ ಪ್ರಶಸ್ತಿಯನ್ನು ಕೊನ್ರಾಡ್ ಲೊರೆಂಜ್ ಮತ್ತು ನಿಕೊ ಟಿನ್‌ಬರ್ಗನ್ ಅವರೊಂದಿಗೆ ಹಂಚಿಕೊಂಡರು. ಆ ಜೇನು ಕತ್ತಲೆಯ ಗೂಡಿನಲ್ಲಿ, ನೆಟ್ಟಗೆ ನಿಂತ ಎರಿಯ ಮೇಲೆ ಕುಣಿಯುವುದರಿಂದ, ಅಲ್ಲಿ ಮೇಲ್ಮುಖವೇ ಸೂರ್ಯನ ದಿಕ್ಕು ಎಂದು ಲೆಕ್ಕ; ಮೇಲ್ಮುಖಕ್ಕೆ ಎಷ್ಟು ಓರೆಯಾಗಿ ಕುಣಿಯುತ್ತದೆಯೋ ಸೂರ್ಯನಿಗೆ ಅಷ್ಟು ಓರೆಯಲ್ಲಿ ಮೇವು.

ಬಹಳಷ್ಟು ಭಾಷಣಕಾರರು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಪಡೆಯುತ್ತಾರೆ. ನನ್ನ ಮಟ್ಟಿಗೆ ನಿಜವಾದ ಪಾಠ ಇಲ್ಲಿಂದ ಮುಂದೆ ಇದೆ. ಫಾನ್ ಫ್ರಿಶ್ ಜೇನುಗಳ ಮೈಮೇಲೆ ಬಣ್ಣದ ಚುಕ್ಕೆ ಇಟ್ಟು, ಗಾಜಿನ ಗೂಡಿನಲ್ಲಿ ಒಂದೊಂದನ್ನೂ ಗುರುತಿಸುತ್ತಿದ್ದರು. ಆದರೂ 1960ರ ದಶಕದಲ್ಲಿ ಏಡ್ರಿಯನ್ ವೆನ್ನರ್ ಎಂಬವರು, ಕುಣಿತ ಇರಬಹುದು, ಆದರೆ ಉಳಿದ ಜೇನುಗಳು ಹೂವಿನ ವಾಸನೆ ಹಿಡಿದೇ ಹೋಗುತ್ತವೆ ಎಂದು ವಾದಿಸಿದರು. ಆ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕುಣಿತವನ್ನು ಅನುಸರಿಸಿ ಹೊರಬಿದ್ದ ಜೇನುಗಳ ಬೆನ್ನಿಗೆ ಪುಟ್ಟ ಆಂಟೆನಾ ಅಂಟಿಸಿ, ಅವುಗಳಲ್ಲಿ ಕೆಲವನ್ನು ಗೂಡಿನಿಂದ ದೂರಕ್ಕೆ ಒಯ್ದು ಬಿಟ್ಟು ರೇಡಾರಿನಲ್ಲಿ ನೋಡಲಾಯಿತು. ಅವು ಕುಣಿತ ಸೂಚಿಸಿದ ದಿಕ್ಕಿಗೇ, ಸೂಚಿಸಿದಷ್ಟೇ ದೂರ ಹಾರಿ, ಮೇವೇ ಇಲ್ಲದ ಜಾಗಕ್ಕೆ ಹೋಗಿ ಹುಡುಕಾಡಿದವು. ವಾಸನೆ ಹಿಡಿದು ಹೋಗಿದ್ದರೆ ಅಲ್ಲಿಗೆ ಹೋಗಲು ಕಾರಣವೇ ಇರಲಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಅರ್ಧಕ್ಕೆ ನಿಲ್ಲಿಸಿ, "ಜೇನನ್ನು ಬೇರೆ ಕಡೆ ಒಯ್ದು ಏಕೆ ಬಿಟ್ಟರು?" ಎಂದು ಕೇಳಿ ನೋಡಿ, ಉತ್ತರ ಅವರಿಂದಲೇ ಬರುತ್ತದೆ. ತೊಗರಿ ಬೆಳೆಯುವವರ ನಡುವೆ ಇದೇ ಮಾತಿಗೆ ಬೇರೆ ಬೆಲೆಯಿದೆ: ಒಂದು ಜೇನು ಕಂಡ ಹೊಲಕ್ಕೆ ಅದೇ ಗೂಡಿನ ಬೇರೆ ಜೇನುಗಳೂ ಬರುತ್ತವೆ ಎಂದು ತಿಳಿದರೆ, ಹೂವಿನ ಕಾಲದಲ್ಲಿ ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತೇ ಏಕೆ ಲೇಸು ಎಂಬುದು ಯಾರೂ ಉಪದೇಶಿಸದೆ ಅರ್ಥವಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ಕಡಜಗಳ ಮೇಲೆ ಬಣ್ಣದ ಗುರುತು ಹಾಕಿ ನಡೆಸಿದ ಕೆಲಸವೂ ಹೀಗೆಯೇ ಹೇಳಲು ಒದಗುತ್ತದೆ. ಸಾಧುವಾದ ರಾಣಿಯನ್ನು ಗೂಡಿನಿಂದ ತೆಗೆದರೆ, ಅಲ್ಲಿಯವರೆಗೆ ಸುಮ್ಮನಿದ್ದ ಒಂದು ಕೆಲಸಗಾರ ಕಡಜ ಕೆಲವೇ ಹೊತ್ತಿನಲ್ಲಿ ಉಗ್ರವಾಗಿ, ಮುಂದೆ ತಾನೇ ರಾಣಿಯಾಗುತ್ತದೆ.

ಹಾವಿನ ವಿಷಯ ಬಂದೇ ಬರುತ್ತದೆ, ನಾಗರ ಪಂಚಮಿಯ ಹತ್ತಿರವಂತೂ ಬೇರೆ ಮಾತೇ ಇರುವುದಿಲ್ಲ. ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂದರೆ ನಗಬೇಡಿ. ಒಂದು ಹಾವನ್ನು ಕೊಂದ ಜಾಗಕ್ಕೆ ಇನ್ನೊಂದು ಬಂದುದನ್ನು ಅವರು ನಿಜವಾಗಿಯೂ ಕಂಡಿರಬಹುದು. ಗಂಡು ಹಾವು ಹೆಣ್ಣಿನ ವಾಸನೆಯ ಜಾಡನ್ನು ನಾಲಿಗೆಯಿಂದ ಗ್ರಹಿಸಿ ಬರುತ್ತದೆ, ಇಲಿಗಳಿದ್ದಲ್ಲಿಗೆ ಯಾವ ಹಾವಾದರೂ ಬರುತ್ತದೆ; ಕಂಡದ್ದನ್ನು ಒಪ್ಪಿಕೊಂಡು ಕಾರಣವನ್ನಷ್ಟೇ ಬದಲಿಸಿದರೆ ಮಾತು ಮುಂದುವರಿಯುತ್ತದೆ. ಆಗ ಕಟ್ಟುಹಾವಿನ ನಡವಳಿಕೆಯನ್ನು ತಪ್ಪದೆ ಹೇಳಿ. ಅದು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ, ಕಚ್ಚಿದ ಗುರುತಾಗಲಿ ಬಾವಾಗಲಿ ಬಹಳ ಸಲ ಕಾಣುವುದಿಲ್ಲ; ಹೊಟ್ಟೆನೋವು ಎಂದು ಎದ್ದವರ ರೆಪ್ಪೆ ಇಳಿಬೀಳತೊಡಗಿದರೆ ಮಂತ್ರ ಹಾಕಿಸುತ್ತ ಕೂಡದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರುವ ಅಂದಾಜಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನೆಲದ ಬದಲು ಮಂಚದ ಮೇಲೆ, ಸೊಳ್ಳೆಪರದೆಯೊಳಗೆ ಮಲಗಿ ಎಂಬ ಮಾತನ್ನು ಈ ಅಂಕಿಗಳ ಜೊತೆಗೆ ಹೇಳಿದರೆ ತೂಕ ಬರುತ್ತದೆ.

ಭಾಷಣಕ್ಕಿಂತ ಪ್ರಶ್ನೋತ್ತರಕ್ಕೆ ಹೆಚ್ಚು ಹೊತ್ತು ಇಡಿ. ಸ್ಕ್ವಿಡ್ ಎಂಬ ಕಡಲಜೀವಿಯನ್ನು ಅಭ್ಯಸಿಸುವ ಅಮೆರಿಕದ ಸಂಶೋಧಕಿ ಸಾರಾ ಮ್ಯಾಕನಲ್ಟಿ 2017ರಲ್ಲಿ ಆರಂಭಿಸಿದ 'ಸ್ಕೈಪ್ ಎ ಸೈಂಟಿಸ್ಟ್' ಎಂಬ ಯೋಜನೆ ವಿಜ್ಞಾನಿಗಳನ್ನು ವಿಡಿಯೊ ಕರೆಯ ಮೂಲಕ ಉಚಿತವಾಗಿ ತರಗತಿಗಳಿಗೆ ಜೋಡಿಸುತ್ತದೆ, ಅಲ್ಲಿಯೂ ನಡೆಯುವುದು ಮುಖ್ಯವಾಗಿ ಮಕ್ಕಳ ಪ್ರಶ್ನೆಗಳೇ. ಸ್ಲೈಡುಗಳನ್ನು ನೆಚ್ಚಿಕೊಳ್ಳಬೇಡಿ, ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಶಾಲೆಗೆ ಹೋಗುವ ಮೊದಲು ಮುಖ್ಯಗುರುಗಳ ಒಪ್ಪಿಗೆ ಪಡೆಯಿರಿ, ಮಕ್ಕಳನ್ನು ಹೊರಗೆ ಕರೆದೊಯ್ಯುವುದಾದರೆ ಜೇನು ಕಡಿತಕ್ಕೆ ಅಲರ್ಜಿ ಇದ್ದವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ರೈತರ ಸಭೆಯನ್ನು ತೊಗರಿ ರಾಶಿಯ ದಿನಗಳಲ್ಲಿ ಇಟ್ಟರೆ ಯಾರೂ ಬರುವುದಿಲ್ಲ. ಎತ್ತು ಹೂಡದ ಸೋಮವಾರದ ಸಂಜೆ, ಗುಡಿಯ ಕಟ್ಟೆಯ ಹತ್ತಿರ ಇಟ್ಟುಕೊಳ್ಳಿ.