ಕಾರವಾರದ ಕಡೆ ಬಂದು ನೆಲೆಸಿದರೆ ಹಾಡು ತಾನಾಗಿ ಹುಟ್ಟುತ್ತದೆಯೇ?

ಬೆಂಗಳೂರಿನ ಕೆಲಸ ಬಿಟ್ಟು ಕಾರವಾರ, ಗೋಕರ್ಣದ ಕಡೆ ಮನೆ ಹಿಡಿದು ಹಾಡು ಬರೆದುಕೊಂಡು, ಹಾಡಿಕೊಂಡು ಇರಬೇಕೆಂದಿದ್ದೀರಿ. ಟಾಗೋರರಿಗೆ ಕಾರವಾರ ಕೊಟ್ಟದ್ದು ನನಗೂ ಕೊಟ್ಟೀತೇ, ಹೊಟ್ಟೆಪಾಡು ನಡೆದೀತೇ ಎಂದು ಕೇಳಿದ್ದೀರಿ. ನಾನು ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯವಳು, ಕುಮಟಾ ತಾಲೂಕು. ಆರು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಜಾಹೀರಾತಿಗೆ ಸಾಲು ಬರೆದು, ಕೋರಸ್ ಹಾಡಿ, ಅಪ್ಪನಿಗೆ ಹುಷಾರಿಲ್ಲದಾಗ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಹತ್ತೊಂಬತ್ತು ವರ್ಷವಾಯಿತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಟಾಗೋರರ ಮಾತು ಮೊದಲು ಮುಗಿಸುತ್ತೇನೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡು ವರ್ಷದ ಆಸುಪಾಸಿನ ರವೀಂದ್ರನಾಥರು ಅಣ್ಣನ ಆ ಮನೆಗೆ ಬಂದು ಉಳಿದರು, ಕಡಲು ಕಂಡರು, ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದರು, ಒಂದು ನಾಟಕ ಬರೆದರು. ಅದು ನೆಂಟರಾಗಿ ಬಂದವರಿಗೆ ಈ ಕರಾವಳಿ ಕೊಡುವ ಉಡುಗೊರೆ. ನಿಮಗೂ ಸಿಗಬಹುದು, ಎರಡು ತಿಂಗಳು ಬಂದಿದ್ದರೂ ಸಾಕು. ಆದರೆ ನೀವು ಕೇಳುತ್ತಿರುವುದು ನೆಲೆಸುವ ಮಾತು. ಅದಕ್ಕೆ ನಾನು ತೋರಿಸುವ ಮನುಷ್ಯ ಬೇರೆ.

ಗೋಕರ್ಣಕ್ಕೆ ಹತ್ತಿರ ಬಂಕಿಕೊಡ್ಲ ಎಂಬ ಊರಿದೆ. ಅಲ್ಲಿಯ ಆನಂದಾಶ್ರಮ ಹೈಸ್ಕೂಲಿನಲ್ಲಿ ಸು. ರಂ. ಎಕ್ಕುಂಡಿಯವರು ಮೂರು ದಶಕಕ್ಕೂ ಹೆಚ್ಚು ಕಾಲ ಮಾಸ್ತರರಾಗಿದ್ದರು. ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಬದುಕಿ ಬರೆದದ್ದು ಹೆಚ್ಚಾಗಿ ಇಲ್ಲಿ. ಹಗಲು ಮಕ್ಕಳಿಗೆ ಪಾಠ, ಅದರ ಜೊತೆಗೇ ಅಷ್ಟೊಂದು ಕಥನಕವನಗಳು. 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಕೋಲೆಯ ಕಡೆ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆಯುತ್ತಲೇ ಚುಟುಕ ಬರೆದರು, 1967ರಲ್ಲಿ ಲೋಕಸಭೆಗೂ ಹೋದರು. ಇಬ್ಬರಿಗೂ ಊರಿನಲ್ಲಿ ಒಂದು ಕೆಲಸವಿತ್ತು, ಜನ ಬಾಗಿಲು ತಟ್ಟಿ ಬರುವ ಕಾರಣವಿತ್ತು. ನನಗೆ ಇದು ತುಂಬ ದೊಡ್ಡ ವಿಷಯ. ಹಳ್ಳಿಯಲ್ಲಿ ‘ಕವಿ’ ಎಂದು ಬಂದು ಕೂತರೆ ಯಾರೂ ಕೆಟ್ಟದ್ದು ಮಾಡುವುದಿಲ್ಲ, ಆದರೆ ಯಾರೂ ಏನೂ ಹೇಳುವುದೂ ಇಲ್ಲ. ಹೇಳದಿದ್ದರೆ ಹಾಡು ಎಲ್ಲಿಂದ ಬರಬೇಕು?

ನನಗೆ ಇದು ಗೊತ್ತಾದದ್ದು ಒಂದು ಹಾಡಿನಿಂದ. ಊರಿಗೆ ಬಂದ ಮೊದಲ ವರ್ಷ ಹೊಳೆಯ ಮೇಲೆ ಒಂದು ಹಾಡು ಕಟ್ಟಿದೆ. ಅಲೆಗಳು ಕುಣಿಯುತ್ತವೆ, ಬೆಳದಿಂಗಳು ಬಲೆ ಬೀಸುತ್ತದೆ, ನದಿ ಕಡಲಿಗೆ ಕಾದ ವಧು, ಇಂಥದ್ದೆಲ್ಲ. ರಾಗ ಚೆನ್ನಾಗಿತ್ತು. ಒಂದು ಸಂಜೆ ಜಗುಲಿಯಲ್ಲಿ ಹಾಡುತ್ತಿದ್ದಾಗ ಪಕ್ಕದ ಮನೆಯ ಅಕ್ಕ ಬಂದು ಕೂತರು. ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ತೆಗೆದು ಮಾರಿ ಮೂರು ಮಕ್ಕಳನ್ನು ಓದಿಸಿದವರು. ಪೂರ್ತಿ ಕೇಳಿ, “ಚಂದ ಅದೆ ತಂಗಿ. ಆದ್ರೆ ಇದು ಯಾವ ಹೊಳೆ?” ಎಂದರು. “ನಮ್ಮದೇ ಹೊಳೆ ಅಕ್ಕ” ಎಂದೆ. “ನಮ್ಮ ಹೊಳೆಯಲ್ಲಿ ಅಲೆ ಎಲ್ಲದೆ? ನೀರು ಏರ್ತದೆ, ಇಳೀತದೆ. ಅಷ್ಟೇಯ.”

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಹೊಳೆ, ಆದರೆ ಹಾಡಿನಲ್ಲಿ ನಾನಿಟ್ಟದ್ದು ಸ್ಟುಡಿಯೋದಲ್ಲಿ ಕಲಿತ ಹೊಳೆ. ಮರುದಿನ ಅವರ ಜೊತೆ ಇಳಿದೆ. ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಇವತ್ತು ಬೆಳಿಗ್ಗೆ ಏಳಕ್ಕೆ ನೀರಿಳಿದರೆ ನಾಳೆ ಎಂಟರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚು ಇಳಿಯುತ್ತದೆ, ಆಗ ಬಳಚಿನ ನೆಲ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹೆಂಗಸರ ಅಡುಗೆ, ಮಕ್ಕಳನ್ನು ಶಾಲೆಗೆ ಕಳಿಸುವುದು, ಸಂತೆಗೆ ಹೋಗುವುದು ಎಲ್ಲ ಅದರಂತೆ ಸರಿಯುತ್ತಾ ಹೋಗುತ್ತದೆ. ಗೋಡೆಯ ಗಡಿಯಾರಕ್ಕೂ ಅವರ ದಿನಕ್ಕೂ ಸಂಬಂಧವೇ ಇಲ್ಲ. ಇಪ್ಪತ್ತು ದಿನ ಹಾಗೆ ಇಳಿದ ಮೇಲೆ ಹಳೆಯ ಹಾಡು ಹರಿದು ಹಾಕಿ ಇದನ್ನು ಬರೆದೆ:

ನೀರು ಇಳಿದರೆ ನಮಗೆ ಬೆಳಗು
ನೀರು ಏರಲು ನಮಗೆ ಇರುಳು
ನಡುವೆ ಸಿಕ್ಕುವ ಎರಡು ಗಳಿಗೆ
ಕೆಸರು ಕೊಡುವುದು ಕೂಲಿಯ

ಅಕ್ಕ ಕೇಳಿ, “ಹಾಂ, ಈಗ ಹೌದು” ಎಂದರು. ಬೇರೇನೂ ಹೇಳಲಿಲ್ಲ. ಇವತ್ತಿಗೂ ನನ್ನ ಯಾವ ಹಾಡೂ ಅವರ ಕಿವಿ ದಾಟದೆ ಹೊರಗೆ ಹೋಗುವುದಿಲ್ಲ.

ಈ ಸಾಲುಗಳ ನಡೆ ಗಮನಿಸಿ, ಮೂರು–ನಾಲ್ಕು ಮಾತ್ರೆಯದು. ಕುಮಾರವ್ಯಾಸನ ಭಾಮಿನಿಯ ನಡೆಯೂ ಇದೇ. ಆದರೆ ನನಗೆ ಅದು ಪುಸ್ತಕದಿಂದ ಬಂದದ್ದಲ್ಲ, ಗದ್ದೆ ಬಯಲಿನ ಯಕ್ಷಗಾನದ ಆಟಗಳಿಂದ ಬಂದದ್ದು. ನಮ್ಮ ಜಿಲ್ಲೆಯಲ್ಲಿ ಮಗು ಅಮ್ಮನ ತೊಡೆಯ ಮೇಲೆ ನಿದ್ದೆಹೋಗುವುದೇ ಭಾಗವತರ ಪದ, ಚಂಡೆ, ಮದ್ದಳೆ ಕೇಳುತ್ತಾ. ಕೆರೆಮನೆಯ ಮೇಳ 1934ರಿಂದ ಇದೆ, ಅಂದರೆ ನನ್ನ ಅಜ್ಜ ಹುಡುಗನಾಗಿದ್ದಾಗಿನಿಂದ. ತ್ರಿವುಡೆ ತಾಳದ ಏಳು ಎಣಿಸಲು ನನಗೆ ಯಾರೂ ಕಲಿಸಬೇಕಾಗಲಿಲ್ಲ. ನೀವು ಬಂದರೆ ವ್ಯೂ ಪಾಯಿಂಟ್ ಹುಡುಕುವುದಕ್ಕಿಂತ ಮೊದಲು ಒಂದು ಪೂರ್ತಿ ರಾತ್ರಿ ಬಯಲಾಟ ನೋಡಿ, ವೇಷವಿಲ್ಲದೆ ಕೂತು ಆಡುವ ತಾಳಮದ್ದಳೆ ಒಂದು ಕೇಳಿ. ಕನ್ನಡ ಹಾಡಿನಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಪಾಠ ಕಲಿತದ್ದು ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಅದಕ್ಕೆ ಕೊಪ್ಪ ಎನ್ನುತ್ತಾರೆ. ಒಬ್ಬ ಅಜ್ಜಿ ಗುನುಗಿದ ಧಾಟಿ ಮನಸ್ಸಿನಲ್ಲಿ ಕೂತು ನಾನೊಂದು ಮಳೆಯ ಹಾಡಿಗೆ ಅದನ್ನು ಹಚ್ಚಿದೆ. ಆಷಾಢದಲ್ಲಿ ಹೋಗಿ ಸಂಭ್ರಮದಿಂದ ಹಾಡಿ ತೋರಿಸಿದರೆ ಅಜ್ಜಿ ಮುಖ ತಿರುಗಿಸಿದರು. “ಅದು ಸುಗ್ಗಿದು ತಂಗಿ. ಈಗ ಹೇಳೂಕಾಗ.” ಸುಗ್ಗಿಯ ಪದ ಹೋಳಿಯ ಹೊತ್ತಿಗೆ, ತಲೆಗೆ ತುರಾಯಿ ಕಟ್ಟಿ, ಗುಮಟೆ ವಾದ್ಯ ಹಿಡಿದು ಮನೆಮನೆಗೆ ಹೋಗುವಾಗಿನದು. ನಟ್ಟಿಗೆ ಬೇರೆ ಪದ, ಮದುವೆಗೆ ಬೇರೆ. ನನಗೆ ಅದುವರೆಗೆ ಹಾಡು ಎಂದರೆ ಯಾವಾಗ ಬೇಕಾದರೂ ಹಾಡಬಹುದಾದ ಸರಕು. ಅವರಿಗೆ ಹಾಡಿಗೊಂದು ಹೊತ್ತಿದೆ, ಕೆಲಸವಿದೆ. ಆ ಹಾಡನ್ನು ರೆಕಾರ್ಡ್ ಮಾಡದೆ ಬಿಟ್ಟೆ. ಮುಂದೆ ಸುಗ್ಗಿಯ ಕಾಲದ್ದೇ ಹಾಡು ಬರೆದಾಗ ಅಜ್ಜಿಯ ಅಪ್ಪಣೆ ಕೇಳಿದೆ. ಧಾಟಿ ಹಾಲಕ್ಕಿಯವರದು ಎಂದು ಹಾಡಿನ ಜೊತೆ ಬರೆದೆ, ಬಂದ ದುಡ್ಡಿನಲ್ಲಿ ಅರ್ಧ ಕೊಪ್ಪಕ್ಕೆ ಕೊಟ್ಟೆ. ಇದು ದಾನವಲ್ಲ, ಬಾಕಿ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಓದು ಬರಹ ಇಲ್ಲದ ಆ ತಾಯಿಯ ನೆನಪಿನಲ್ಲಿದ್ದ ಪದಗಳ ಮುಂದೆ ನಮ್ಮಂಥವರ ನೋಟ್‌ಬುಕ್ಕು ತೀರಾ ತೆಳ್ಳಗಿನದು. ಹಾಗಾಗಿ ಬರುವಾಗ ಎರವಲು ಪಡೆದದ್ದನ್ನು ಎರವಲು ಎಂದು ಹೇಳುವ ಮನಸ್ಸಿಟ್ಟುಕೊಂಡೇ ಬನ್ನಿ.

ದುಡ್ಡಿನ ಮಾತು. ಹಾಡಿನಿಂದಲೇ ನನ್ನ ಮನೆ ನಡೆದಿಲ್ಲ. ತೆಂಗು ಇದೆ, ವಾರಕ್ಕೆ ನಾಲ್ಕು ದಿನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ಶಾಲೆಗಳ ನಾಟಕಕ್ಕೆ ಹಾಡು ಮಾಡುತ್ತೇನೆ. ಬೆಂಗಳೂರಿನ ದಿನಗಳಲ್ಲಿ ಒಂದು ಸಣ್ಣ ಆಡಿಯೋ ಕಂಪನಿ ₹3,000 ಕೊಟ್ಟು ಎಂಟು ಹಾಡುಗಳ ಮೇಲೆ ಸಹಿ ಹಾಕಿಸಿಕೊಂಡಿತ್ತು. ಓದದೆ ಹಾಕಿದೆ. ಆ ಹಾಡುಗಳನ್ನು ಈಗ ವೇದಿಕೆಯಲ್ಲಿ ಹಾಡುವಾಗಲೂ ಎದೆ ಹಿಂಡುತ್ತದೆ. ನೀವು ಹಾಗೆ ಮಾಡಬೇಡಿ. ಕೃತಿಸ್ವಾಮ್ಯ ಕಾಯ್ದೆ 1957ರದು. 2012ರ ತಿದ್ದುಪಡಿಯ ನಂತರ ಸಿನಿಮಾದಲ್ಲಿ, ಧ್ವನಿಮುದ್ರಣದಲ್ಲಿ ಬಳಸಿದ ಹಾಡಿಗೆ ಸಾಹಿತ್ಯ ಬರೆದವರು, ಸಂಗೀತ ಕಟ್ಟಿದವರು ರಾಯಲ್ಟಿಯ ತಮ್ಮ ಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗಿಲ್ಲ. ಕರಾರಿನಲ್ಲಿ ಅವಧಿ ಬರೆದಿರದಿದ್ದರೆ ಅದು 5 ವರ್ಷವೆಂದೇ ಲೆಕ್ಕ. ಹಾಡಿನ ರಾಯಲ್ಟಿ ವಸೂಲು ಮಾಡಿ ಹಂಚುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಸದಸ್ಯರಾಗಿ, ನಿಮ್ಮ ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಿ. ಹಳ್ಳಿಯಲ್ಲಿ ಕೂತೇ ಮಾಡಬಹುದಾದ ಕೆಲಸ ಅದು. ಮೊತ್ತ ಚಿಕ್ಕದಿರಲಿ, ನಿಮ್ಮ ಹೆಸರಿಗೆ ಬರಲಿ.

ರೆಕಾರ್ಡಿಂಗಿಗೆ ದೊಡ್ಡ ಏರ್ಪಾಡು ಬೇಡ. ನಾನು ಬತ್ತದ ಚೀಲ ಇಡುವ ಕೋಣೆಯಲ್ಲೇ ಮೈಕ್ ಇಟ್ಟು ಹಾಡುತ್ತೇನೆ. ಸುತ್ತ ಚೀಲ, ಬಾಗಿಲಿಗೆ ಕಂಬಳಿ, ದನಿ ಎಲ್ಲೂ ಮಾರ್ದನಿಸುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಹೊಡೆಯುವಾಗ ರೆಕಾರ್ಡಿಂಗ್ ಮರೆತುಬಿಡಿ. ಹಾರ್ಮೋನಿಯಂ ಬೂಸಲು ಹಿಡಿಯದಂತೆ ಬಟ್ಟೆ ಹೊದಿಸಿ ಬಿಸಿಲು ಕಂಡಾಗೆಲ್ಲ ಹೊರಗಿಡಬೇಕು, ತಂಬೂರಿಯ ತಂತಿ ತುಕ್ಕು ಹಿಡಿಯದಂತೆ ಒರೆಸುತ್ತಿರಬೇಕು. ಕರೆಂಟು ಎರಡು ದಿನ ಇರದಿದ್ದರೂ ಆಶ್ಚರ್ಯವಿಲ್ಲ. ಹಾಡು ಅಪ್‌ಲೋಡ್ ಮಾಡಲು ಕೊಡೆ ಹಿಡಿದು ಗುಡ್ಡ ಹತ್ತುತ್ತೇನೆ. ನನ್ನ ಒಳ್ಳೆಯ ಸಾಲುಗಳು ಬಂದದ್ದೂ ಆ ನಾಲ್ಕು ತಿಂಗಳಲ್ಲೇ, ಯಂತ್ರಗಳೆಲ್ಲ ಸುಮ್ಮನಾದಾಗ.

ಅದಕ್ಕೇ ಒಂದು ವಿನಂತಿ. ಎಲ್ಲರೂ ಡಿಸೆಂಬರಿನಲ್ಲಿ ಬಂದು, ಕಡಲು ನೋಡಿ, ಮನೆಗೆ ಮುಂಗಡ ಕೊಟ್ಟು ಹೋಗುತ್ತಾರೆ. ನೀವು ಕೆಲಸ ಬಿಡಬೇಡಿ, ರಜೆ ಹಾಕಿ ಜುಲೈನಲ್ಲಿ ಬನ್ನಿ. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಹೊಳೆಯಂಚಿನ ಗದ್ದೆಗಳಲ್ಲಿ, ಉಪ್ಪುನೀರು ತಡೆಯುವ ಕಗ್ಗದ ಬತ್ತ ಆಗ ಹಸಿರಾಗಿರುತ್ತದೆ. ಒಂದು ತಿಂಗಳು ಯಾರದಾದರೂ ಮನೆಯಲ್ಲಿದ್ದು ಅವರ ಜೊತೆ ಕೆಲಸ ಮಾಡಿ. ಆ ತಿಂಗಳು ಏನೂ ಬರೆಯಬೇಡಿ. ಕುಮಟಾ ಸ್ಟೇಷನ್ನಿನಲ್ಲಿ ಇಳಿದು ಹೊಳೆಯ ಕಡೆ ಬಂದರೆ, ನೀರಿಳಿದ ಹೊತ್ತಿಗೆ ಅಕ್ಕನ ಜೊತೆ ಕೆಸರಿನಲ್ಲಿ ನಾನೂ ಇರುತ್ತೇನೆ.