ಓದುಗರ ಪ್ರಶ್ನೆ: ಮನೆಯ ಇಂಟರ್ನೆಟ್‌ಗೆ ಯಾವ ಮೋಡೆಮ್?

ಪ್ರಶ್ನೆ: ನಮ್ಮ ಮನೆಗೆ ಫೈಬರ್ ಸಂಪರ್ಕವಿದೆ. ಕಂಪನಿಯವರು ಕೊಟ್ಟ ಮೋಡೆಮ್ ಬೇಸಿಗೆಯಲ್ಲಿ ಆಗಾಗ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತದೆ. ಕಲ್ಲುಗೋಡೆಯ ಒಳಕೋಣೆಗೆ ವೈಫೈ ತಲುಪುವುದೇ ಇಲ್ಲ. ಬೇರೆ ಮೋಡೆಮ್ ಕೊಳ್ಳುವುದಾದರೆ ಯಾವುದನ್ನು ನಂಬಬಹುದು?
– ಓದುಗರು, ಸಿಂಧನೂರು

ಉತ್ತರ: ನೀವು ಬರೆದಿರುವುದು ಎರಡು ಬೇರೆ ಬೇರೆ ತೊಂದರೆಗಳು, ಮೋಡೆಮ್ ಬದಲಿಸಿದ ಮಾತ್ರಕ್ಕೆ ಎರಡೂ ಹೋಗುತ್ತವೆಂಬ ಭರವಸೆಯಿಲ್ಲ.

ಮೊದಲು ದೀಪಗಳನ್ನು ಗಮನಿಸಿ. ಉಳಿದ ದೀಪಗಳು ಉರಿಯುತ್ತಿದ್ದು ‘ಲಾಸ್’ (LOS, ಅಂದರೆ ಸಂಕೇತ ಬರುತ್ತಿಲ್ಲವೆಂದು ತಿಳಿಸುವ) ದೀಪ ಮಾತ್ರ ಕೆಂಪಾದರೆ ದೋಷ ಫೈಬರ್ ಎಳೆಯಲ್ಲಿದೆ, ಅದನ್ನು ಕಂಪನಿಯವರೇ ಸರಿಪಡಿಸಬೇಕು. ನೀವು ಹೇಳಿದಂತೆ ಎಲ್ಲ ದೀಪಗಳೂ ಒಟ್ಟಿಗೆ ಆರಿ ಮತ್ತೆ ಹೊತ್ತುವುದಾದರೆ ಬಹುಮಟ್ಟಿಗೆ ಅಡಾಪ್ಟರ್ ದುರ್ಬಲವಾಗಿರುತ್ತದೆ, ಇಲ್ಲವೇ ಮೋಡೆಮ್ ಮಿತಿಮೀರಿ ಕಾಯುತ್ತಿರುತ್ತದೆ. ಮನೆಬಳಕೆಯ ಅನೇಕ ಮೋಡೆಮ್‌ಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖಕ್ಕಷ್ಟೇ ರೂಪಿಸಿರುತ್ತಾರೆ. ರಾಯಚೂರು ಜಿಲ್ಲೆಯ ಮೇ ತಿಂಗಳು ಆ ಮಿತಿಯನ್ನು ಗೌರವಿಸುವುದಿಲ್ಲವೆಂದು ನಿಮಗೆ ನಾವು ಹೇಳಬೇಕಿಲ್ಲ. ಮೋಡೆಮನ್ನು ಗಾಜಿನ ಷೋಕೇಸಿನೊಳಗೆ ಅಥವಾ ಇನ್ವರ್ಟರ್ ಮೇಲೆ ಇಟ್ಟಿದ್ದರೆ ಹೊರತೆಗೆದು, ಗಾಳಿಯಾಡುವ ಗೋಡೆಗೆ ತೂಗುಹಾಕಿ. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು (ಸಾಮಾನ್ಯವಾಗಿ 12), ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಕರೆಂಟ್ ಹೋಗಿ ಬರುವ ಊರಿನಲ್ಲಿ ಮೋಡೆಮ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಇಟ್ಟುಕೊಳ್ಳುವುದು, ನಮ್ಮ ದೃಷ್ಟಿಯಲ್ಲಿ, ದುಬಾರಿ ಮೋಡೆಮ್ ಕೊಳ್ಳುವುದಕ್ಕಿಂತ ಜಾಣತನ.

ಇಷ್ಟಾದರೂ ನಿಲ್ಲದಿದ್ದರೆ ಕಂಪನಿಯಿಂದಲೇ ಬದಲಿ ಮೋಡೆಮ್ ಕೇಳಿ. ಅಂಗಡಿಯಿಂದಲೇ ತರುವುದಾದರೆ, ನಿಮ್ಮ ಸಂಪರ್ಕ ಜಿಪಾನ್ (GPON) ಪದ್ಧತಿಯದೋ ಇಪಾನ್ (EPON) ಪದ್ಧತಿಯದೋ (ಇವು ಫೈಬರಿನಲ್ಲಿ ಮಾಹಿತಿ ಸಾಗಿಸುವ ಎರಡು ಬೇರೆ ವಿಧಾನಗಳು) ಎಂದು ಮೊದಲೇ ವಿಚಾರಿಸಿ. ಒಂದರ ಮೋಡೆಮ್ ಇನ್ನೊಂದರಲ್ಲಿ ನಡೆಯದು, ಎಕ್ಸ್‌ಪಾನ್ (XPON) ಎಂದಿರುವವು ಎರಡಕ್ಕೂ ಹೊಂದುತ್ತವೆ. ಹೊಂದಿದರೂ ಅದರ ಸೀರಿಯಲ್ ಸಂಖ್ಯೆಯನ್ನು ಕಂಪನಿಯವರು ತಮ್ಮಲ್ಲಿ ನೋಂದಾಯಿಸದೆ ಅದು ಕೆಲಸ ಮಾಡುವುದಿಲ್ಲ. ಅವರು ಒಪ್ಪುವರೇ ಎಂದು ತಿಳಿಯದೆ ಹಣ ಕೊಡಬೇಡಿ. ಹಸಿರು ತುದಿಯ ಫೈಬರ್ ಕನೆಕ್ಟರನ್ನು ನೀಲಿ ತುದಿಯದಕ್ಕೆ ಸಿಕ್ಕಿಸಿದರೆ ಬೆಳಕು ಸೋರಿ ಸಂಪರ್ಕ ಕುಂದುತ್ತದೆ, ಅದನ್ನೂ ನೋಡಿಕೊಳ್ಳಿ.

ಒಳಕೋಣೆಯ ಪ್ರಶ್ನೆಗೆ ಉತ್ತರ ಮೋಡೆಮ್ ಅಲ್ಲ, ವೈಫೈ ಹರಡುವ ರೂಟರ್. ವೈಫೈಯ 5 ಗಿಗಾಹರ್ಟ್ಸ್ ಅಲೆಗಳು ವೇಗವಾದರೂ ದಪ್ಪ ಗೋಡೆಯನ್ನು ದಾಟಲಾರವು, 2.4 ಗಿಗಾಹರ್ಟ್ಸ್ ಸ್ವಲ್ಪ ಮೇಲು. ಎರಡು ಅಡಿ ದಪ್ಪದ ಕಲ್ಲುಗೋಡೆಗೆ ಅದೂ ಸಾಲದು. ಆದ್ದರಿಂದ ಮೋಡೆಮ್‌ನಿಂದ ಕ್ಯಾಟ್ 6 (Cat 6) ಎಂಬ ನೆಟ್‌ವರ್ಕ್ ಕೇಬಲ್ ಎಳೆಸಿ, ಒಳಕೋಣೆಯಲ್ಲಿ ಎರಡೂ ಅಲೆಗಳನ್ನು ಕೊಡುವ, ಗಿಗಾಬಿಟ್ ಪೋರ್ಟಿರುವ ರೂಟರ್ ಕೂರಿಸಿ. ಮುಂದೆ ಕಂಪನಿ ಬದಲಿಸಿದರೂ ರೂಟರ್ ನಿಮ್ಮದಾಗಿಯೇ ಉಳಿಯುತ್ತದೆ.

ಪ್ರಶ್ನೆ: ಲ್ಯಾಂಡ್‌ಲೈನ್ ಕಾಲದ ಎಡಿಎಸ್‌ಎಲ್ ಮೋಡೆಮ್ ಫೈಬರ್‌ಗೆ ಆದೀತೇ?
– ಓದುಗರು, ಗಂಗಾವತಿ

ಉತ್ತರ: ಆಗದು. ಅದು ತಾಮ್ರದ ತಂತಿಯ ಸಂಕೇತವನ್ನು ಓದುವ ಸಾಧನ, ಫೈಬರಿನ ಬೆಳಕನ್ನು ಅರಿಯದು. ಅದರಲ್ಲಿರುವ ವೈಫೈಯನ್ನು ಬೇಕಾದರೆ ಲ್ಯಾನ್ ಕೇಬಲ್ ಮೂಲಕ ಬಳಸಿಕೊಳ್ಳಬಹುದು, ಆದರೆ ಅಂಥವುಗಳ ಪೋರ್ಟ್ ಸಾಮಾನ್ಯವಾಗಿ 100 ಎಂಬಿಪಿಎಸ್‌ಗೆ ಸೀಮಿತ. ತಯಾರಕರು ಸುರಕ್ಷತಾ ಅಪ್‌ಡೇಟ್ ನಿಲ್ಲಿಸಿದ್ದರೆ ಅದನ್ನು ಗುಜರಿಗೆ ಕೊಡುವುದೇ ಒಳಿತು.