ಮಳೆಗಾಲದಲ್ಲಿ ಕಾಲೇಜು ರೇಡಿಯೋ ಕುಗ್ಗುವುದೇಕೆ?

ಪ್ರಶ್ನೆ: ನಮ್ಮ ಕಾಲೇಜಿನ 50 ವ್ಯಾಟ್ ಸಮುದಾಯ ರೇಡಿಯೋ ಬೇಸಿಗೆಯಲ್ಲಿ ಬೆಟಗೇರಿಯ ನೇಕಾರರ ಮನೆಗಳಲ್ಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಮಳೆ ಹಿಡಿದರೆ ಬರೀ ಗೊರಗೊರ ಸದ್ದು. ಎರಡು ದಿನ ಬಿಸಿಲು ಬಿದ್ದರೆ ಸರಿಹೋಗುತ್ತದೆ. ಹೊಸ ಟ್ರಾನ್ಸ್‌ಮಿಟರ್ ಕೊಳ್ಳಬೇಕೇ?
– ಓದುಗರು, ಗದಗ

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಬಿಸಿಲಿಗೆ ಸರಿಹೋಗುತ್ತದೆ ಎಂದರೆ ಟವರ್ ಮೇಲಿನ ಕನೆಕ್ಟರಿಗೆ ನೀರು ಹೊಕ್ಕಿರುವ ಸಂಭವವೇ ಹೆಚ್ಚು. ನೀರು ನಿಂತಲ್ಲಿ ಟ್ರಾನ್ಸ್‌ಮಿಟರ್, ಕೇಬಲ್, ಆಂಟೆನಾಗಳ ನಡುವೆ ಇರಬೇಕಾದ 50 ಓಮ್‌ನ ವಿದ್ಯುತ್ ಹೊಂದಿಕೆ ಕೆಡುತ್ತದೆ. ಪವರ್ ಆಂಟೆನಾ ಸೇರದೆ ಹಿಂದಿರುಗುತ್ತದೆ, ಟ್ರಾನ್ಸ್‌ಮಿಟರ್ ತನ್ನ ರಕ್ಷಣೆಗೆ ತಾನೇ ಪವರ್ ಇಳಿಸಿಕೊಳ್ಳುತ್ತದೆ.

ಮಳೆ ಬಂದ ದಿನವೇ ರಿಫ್ಲೆಕ್ಟೆಡ್ ಪವರ್, ಅಂದರೆ ಹೀಗೆ ಹಿಂದಿರುಗುವ ಪವರ್ ಎಷ್ಟೆಂದು ಓದಿ. 50 ವ್ಯಾಟಿಗೆ 2 ವ್ಯಾಟ್ ಒಳಗಿದ್ದರೆ ಚಿಂತೆಯಿಲ್ಲ. 5 ದಾಟಿದರೆ ಪ್ರಸಾರ ನಿಲ್ಲಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಆಂಟೆನಾ ಕೇಬಲ್ ಬಿಚ್ಚಿ, ಆ ಜಾಗಕ್ಕೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ಹೀರಿಕೊಳ್ಳುವ ಸಾಧನ) ಹಾಕಿ ಆನ್ ಮಾಡಿ. ಪೂರ್ತಿ ಪವರ್ ಬಂದರೆ ದೋಷ ಕೇಬಲ್ಲಿನಲ್ಲೋ ಆಂಟೆನಾದಲ್ಲೋ ಇದೆ. ಏನೂ ಜೋಡಿಸದೆ ಮಾತ್ರ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ಮಲ್ಟಿಮೀಟರ್ ಶಾರ್ಟ್ ತೋರಿಸಿತೆಂದು ಆಂಟೆನಾ ಎಸೆಯುವವರೂ ಇದ್ದಾರೆ. ಹಲವು ಎಫ್‌ಎಂ ಆಂಟೆನಾಗಳ ರಚನೆಯೇ ಹಾಗಿರುತ್ತದೆ.

ಗುಡುಗಿಲ್ಲದ ದಿನ, ಪ್ರಸಾರ ನಿಲ್ಲಿಸಿ, ನುರಿತವರನ್ನೇ ಟವರ್ ಹತ್ತಿಸಿ. ಕನೆಕ್ಟರ್ ಬಿಚ್ಚಿದಾಗ ತಾಮ್ರದ ಹೆಣಿಗೆ ಕಪ್ಪಾಗಿಯೋ ಹಸಿರಾಗಿಯೋ ಇದ್ದರೆ, ಹೊಳೆಯುವ ತಾಮ್ರ ಸಿಗುವವರೆಗೆ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಮೇಲೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ. ಅದರ ಮೇಲಿನ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗಲೇ ಮನೆಯ ಹಂಚಿನಂತೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚುತ್ತದೆ. ಬರೀ ಪಿವಿಸಿ ಟೇಪು ನಮ್ಮ ಬಯಲುಸೀಮೆಯ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕೇಬಲ್ ಕೋಣೆಯೊಳಗೆ ಬರುವಲ್ಲಿ ಕೆಳಕ್ಕೆ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಒಳಗೂ ನೀರಿಳಿದಿದ್ದರೆ ಕೇಬಲ್ಲನ್ನೇ ಬದಲಿಸಿ. 30 ಮೀಟರ್ ಆರ್‌ಜಿ-213 ಎಂಬ ಬಗೆಯ ಕೇಬಲ್ ಹಾಕಿದರೆ 50 ವ್ಯಾಟಿನಲ್ಲಿ ಸುಮಾರು 30 ಮಾತ್ರ ಆಂಟೆನಾ ತಲುಪುತ್ತದೆ. ಅರ್ಧ ಇಂಚಿನ ಫೋಮ್ ಫೀಡರ್ ಕೇಬಲ್ಲಿನಲ್ಲಿ 40ಕ್ಕೂ ಹೆಚ್ಚು. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ.

ಪ್ರಶ್ನೆ: ಸಮುದಾಯ ರೇಡಿಯೋದಲ್ಲಿ ಸ್ಥಳೀಯ ಸುದ್ದಿ ಓದಬಹುದೇ?
– ಓದುಗರು, ಹಾವೇರಿ

ಉತ್ತರ: ಸ್ವಂತ ಸುದ್ದಿವಾರ್ತೆಗೆ ಅನುಮತಿಯಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಆದರೆ ಜಾತ್ರೆ, ಆಟೋಟ, ಹವಾಮಾನ, ಪರೀಕ್ಷೆ ಫಲಿತಾಂಶ, ಉದ್ಯೋಗ ಮಾಹಿತಿ, ನೀರು ಮತ್ತು ಕರೆಂಟಿನ ಪ್ರಕಟಣೆಗಳನ್ನು ನಿಯಮವೇ ಸುದ್ದಿಯೆಂದು ಎಣಿಸುವುದಿಲ್ಲ. ಧೈರ್ಯವಾಗಿ ಹೇಳಿ, ಊರಿಗೆ ಬೇಕಿರುವುದು ಇವೇ. ಪ್ರಸಾರವಾದ ಎಲ್ಲದರ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಪಿಡಿ.